ಮಳೆ ಬಿಟ್ಟ ದಿನದ ಗ್ರಾಮಸಭೆ

ಆಟಿ ತಿಂಗಳ ಮಳೆ ವಾರಗಟ್ಟಲೆ ಹೊಯ್ದು ಇವತ್ತು ಬೆಳಿಗ್ಗೆ ಬಿಟ್ಟಿದೆ. ಬೆಳ್ತಂಗಡಿಯಿಂದ ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಟರ್ಪಾಲುಗಳೆಲ್ಲ ಮೇಲಕ್ಕೆ ಸುತ್ತಿಕೊಂಡಿವೆ. ಎಡಗಡೆ ದೂರದಲ್ಲಿ ಗಡಾಯಿಕಲ್ಲಿನ ಬೋಳು ನೆತ್ತಿ ಮೋಡ ಸರಿಸಿ ಹೊರಬಂದಿದೆ. ಕುದುರೆಮುಖದ ಸಾಲು ಮಾತ್ರ ಇನ್ನೂ ಮಂಜಿನೊಳಗೆ. ರಸ್ತೆಯ ಎರಡೂ ಬದಿಯ ತೋಟಗಳಿಂದ ಪಂಪಿನ ಸದ್ದು ಕೇಳಿಸುತ್ತದೆ. ಮೈಲುತುತ್ತು, ಸುಣ್ಣ ಕಲಸಿದ ಮದ್ದು ಅಡಿಕೆ ಗೊನೆಗಳ ಮೇಲೆ ನೀಲಿ ತುಂತುರಾಗಿ ಬೀಳುತ್ತಿದೆ. ಮರದ ತುದಿಯಲ್ಲಿರುವವನು ಪೈಪು ಸಡಿಲ ಬಿಡೆಂದು ಕೆಳಗಿದ್ದವನಿಗೆ ಕೂಗುತ್ತಿದ್ದಾನೆ. ಕೊಳೆರೋಗ ಹಿಡಿದರೆ ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಮಳೆ ಬಿಟ್ಟ ದಿನವನ್ನು ಇಲ್ಲಿ ಯಾರೂ ಕೈಬಿಡುವುದಿಲ್ಲ. ನಾವು ಹೋಗುತ್ತಿರುವ ಘಟ್ಟದ ಬುಡದ ಊರಿನಲ್ಲಿ ಇವತ್ತೇ ಗ್ರಾಮಸಭೆ. ವರ್ಷ 2025.

ಬಸ್ಸಿಳಿದು ಕೆಸರು ತಪ್ಪಿಸುತ್ತ ನಾಲ್ಕು ಹೆಜ್ಜೆ ಹತ್ತಿದರೆ ಪಂಚಾಯತ್ ಕಚೇರಿ. ಹೆಂಚಿನ ಹಳೆಯ ಕಟ್ಟಡಕ್ಕೆ ತಾಗಿಕೊಂಡು ತಾರಸಿಯ ಸಭಾಭವನ. ಜಗಲಿಯ ಮೂಲೆಯಲ್ಲಿ ಕೊಡೆಗಳು ಒಂದಕ್ಕೊಂದು ಒರಗಿ ನೀರು ಸುರಿಸುತ್ತಿವೆ. ಒಳಗೆ ಕಾಲಿಟ್ಟ ಕೂಡಲೇ ಮಳೆಗಾಲದ ಕಡತಗಳ ಮುಗ್ಗಲು ವಾಸನೆ, ಅದರ ಜೊತೆಗೆ ಬೆಳಿಗ್ಗೆ ರಬ್ಬರ್ ಹಾಲು ತೆಗೆದು ನೇರ ಬಂದವರ ಅಂಗಿಯ ಹುಳಿ ವಾಸನೆ. ಗಾಂಧಿ, ಅಂಬೇಡ್ಕರರ ಪಟಗಳ ಕೆಳಗೆ ಯಾವ ಸೇವೆಗೆ ಎಷ್ಟು ದಿನ ಎಂದು ಬರೆದ ಫಲಕ ಇದೆ. ಕರೆಂಟು ಹೋಗಿ ಇನ್ವರ್ಟರ್ ಕೀರಲು ಶುರುಮಾಡಿದೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ, ಎದುರು ನಿಂತ ಮುದುಕರಿಗೆ, "ಅಜ್ಜ, ಸರ್ವರ್ ಬರುವವರೆಗೆ ಕೂತ್ಕೊಳ್ಳಿ" ಎನ್ನುತ್ತಾಳೆ. ಅಜ್ಜನಿಗೆ ಬೇಕಾದದ್ದು ‘ನೈನ್-ಇಲೆವೆನ್’, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಮಗನಿಗೆ ಮನೆ ಕಟ್ಟಲು ಸಾಲ ಸಿಗಬೇಕಾದರೆ ಆ ಎರಡು ಕಾಗದ ಬೇಕು. ಅವರು ಯಾರು, ಯಾವ ಮನೆಯವರು, ಜಾಗ ಭಾಗವಾದದ್ದು ಯಾವಾಗ ಎಂಬುದೆಲ್ಲ ಮೂಲೆಯ ಮೇಜಿನ ಬಿಲ್ ಕಲೆಕ್ಟರಿಗೆ ಬಾಯಿಪಾಠ. ತೆರೆಗೆ ಮಾತ್ರ ಅದು ಇನ್ನೂ ಗೊತ್ತಾಗಬೇಕು.

ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತೂವರೆಗೆ ಬಂದರು, ಮೋಟಾರು ಬೈಕಿನಲ್ಲಿ, ಮೊಣಕಾಲಿನವರೆಗೆ ಮಳೆಕೋಟು ಮಡಚಿಕೊಂಡು. ಅವರ ಮೇಲೆ ಈ ಪಂಚಾಯತಿನ ಜೊತೆ ಪಕ್ಕದ ಪಂಚಾಯತಿನ ಪ್ರಭಾರವೂ ಇದೆ. ಬೆಳ್ತಂಗಡಿ ತಾಲೂಕಿಗೆ 81 ಗ್ರಾಮ, 48 ಗ್ರಾಮ ಪಂಚಾಯತ್. ಹುದ್ದೆ ಖಾಲಿ ಬಿದ್ದ ಕಡೆಗೆಲ್ಲ ಹೀಗೆ ಒಬ್ಬರನ್ನೇ ಎರಡು ಕಡೆ ಹಂಚಬೇಕಾಗುತ್ತದೆ. ಪ್ರಭಾರದ ಅಧಿಕಾರಿ ಯಾವ ದಿನ ಎಲ್ಲಿರುತ್ತಾರೆಂದು ತಿಳಿದುಕೊಂಡು ಜನ ತಮ್ಮ ಕೆಲಸಕ್ಕೆ ದಿನ ಗೊತ್ತುಮಾಡಿಕೊಳ್ಳುತ್ತಾರೆ. ತಪ್ಪಿ ಬಂದವರು ಬಸ್ಸಿನ ಖರ್ಚು ಕಳೆದುಕೊಂಡು ಹಿಂದೆ ಹೋಗುತ್ತಾರೆ.

ಸಭಾಭವನದ ಹಿಂದಿನ ಬೆಂಚಿನಲ್ಲಿ ಜಾಗ ಇದೆ, ಅಲ್ಲೇ ಕೂರೋಣ. ಪ್ಲಾಸ್ಟಿಕ್ ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಬಂದವರಲ್ಲಿ ಹೆಂಗಸರೇ ಹೆಚ್ಚು. ಬೀಡಿ ಬ್ರಾಂಚಿಗೆ ಕಟ್ಟು ಕೊಟ್ಟು, ಎಲೆ-ಹೊಗೆಸೊಪ್ಪು ತೆಗೆದುಕೊಂಡು ದಾರಿಯಲ್ಲೇ ಬಂದವರು. ಪ್ಲಾಸ್ಟಿಕ್ ಚೀಲಗಳನ್ನು ಒದ್ದೆಯಾಗದ ಹಾಗೆ ಮಡಿಲಲ್ಲೇ ಇಟ್ಟುಕೊಂಡಿದ್ದಾರೆ. ಗ್ರಾಮದ ಒಟ್ಟು ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೇ ನೂರು ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಸಭೆಗೆ ಕೋರಂ. ಹಾಜರಿ ಪುಸ್ತಕ ಸಾಲಿನಿಂದ ಸಾಲಿಗೆ ಹೋಗುತ್ತಿದೆ. ಒಬ್ಬ ಸದಸ್ಯ ಹೊರಗೆ ನಿಂತು ತೋಟಗಳಿಗೆ ಫೋನು ಮಾಡುತ್ತಿದ್ದಾನೆ: "ಅಣ್ಣ, ಒಂದರ್ಧ ಗಂಟೆ ಬಂದು ಹೋಗಿ. ಮದ್ದು ಮಧ್ಯಾಹ್ನ ಬಿಟ್ಟರೂ ಆಗ್ತದೆ." ಆ ಕಡೆಯಿಂದ ಬಂದ ಉತ್ತರ ಅವನ ಮುಖದಲ್ಲೇ ಕಾಣುತ್ತದೆ.

ಇಲ್ಲಿಯ ಜನಕ್ಕೆ ಸಭೆ ಎಂದರೆ ಅಸಡ್ಡೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಗೊತ್ತಾದ ಮನೆಯ ಅಂಗಳದಲ್ಲಿ ಸೇರಿ, ಚಾಪೆ ಹಾಕಿ, ಉಳಿತಾಯದ ಲೆಕ್ಕ ಬರೆದು, ಬಾರದವರನ್ನು ಕೇಳಿ ಎಬ್ಬಿಸುವ ಜನ ಇವರೇ. 1982ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಶುರುವಾದದ್ದು ಇದೇ ತಾಲೂಕಿನ ಹಳ್ಳಿಗಳಲ್ಲಿ. ಒಬ್ಬರ ತೋಟದಲ್ಲಿ ಎಲ್ಲರೂ ಸರದಿಯಂತೆ ದುಡಿಯುವ ಪ್ರಗತಿಬಂಧು ಗುಂಪುಗಳು ಬೆಳೆದದ್ದೂ ಇಲ್ಲೇ. ಆ ಗುಂಪುಗಳ ಸಭೆಯಲ್ಲಿ ಕೂತರೆ ಎದ್ದು ಹೋಗುವಾಗ ಏನೋ ಒಂದು ತೀರ್ಮಾನ ಆಗಿರುತ್ತದೆ. ಗ್ರಾಮಸಭೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಜನ ವರ್ಷಗಳಿಂದ ನೋಡಿದ್ದಾರೆ. ಕುರ್ಚಿ ಖಾಲಿಯಾಗಲು ಕಾರಣ ಮದ್ದಿನ ಪಂಪು ಮಾತ್ರ ಅಲ್ಲ.

ಅಧ್ಯಕ್ಷೆ ವೇದಿಕೆಯಲ್ಲಿ ಕುಳಿತು ಕಡತ ತಿರುಗಿಸುತ್ತಿದ್ದಾರೆ. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕ ಹಣೆಯ ಮೇಲಕ್ಕೆ. ಮದುವೆಯಾಗಿ ಈ ಊರಿಗೆ ಬಂದವರು. ಬೀಡಿ ಕಟ್ಟಿದವರು, ಸಂಘದ ಲೆಕ್ಕ ಬರೆದವರು. ಸ್ಕೂಟರಿನಲ್ಲಿ ಒಬ್ಬರೇ ಬರುತ್ತಾರೆ. ಪಂಚಾಯತ್ ಸ್ಥಾನಗಳಲ್ಲಿ ಅರ್ಧ ಪಾಲು ಮಹಿಳೆಯರಿಗೆ ಎಂಬ ಕಾನೂನು ರಾಜ್ಯದಲ್ಲಿ ಬಂದದ್ದು 2010ರಲ್ಲಿ. ಮೊದಮೊದಲು ಗಂಡಂದಿರು ಪಕ್ಕದ ಕುರ್ಚಿಯಲ್ಲಿ ಕುಳಿತು ಉತ್ತರ ಕೊಡುವುದನ್ನು ಹಲವು ಊರುಗಳು ಕಂಡಿವೆ. ಇಲ್ಲಿ ಆ ಕುರ್ಚಿ ಇಲ್ಲ. ಯಾವ ವಾರ್ಡಿನ ಯಾವ ಕೊಳವೆಬಾವಿಯ ಮೋಟಾರು ಎಷ್ಟು ಸಲ ಸುಟ್ಟಿದೆ ಎಂದು ಕೇಳಿದರೆ ಅವರು ಪುಸ್ತಕ ನೋಡದೆ ಹೇಳುತ್ತಾರೆ.

ಆದರೆ ಈ ತಿಳಿವಳಿಕೆ ಕೈಗೆ ಬರುವುದಕ್ಕೇ ಒಂದು ವರ್ಷ ಬೇಕಾಯಿತು ಎನ್ನುತ್ತಾರೆ ಅವರು. ಕ್ರಿಯಾಯೋಜನೆ ಹೇಗೆ ಬರೆಯುವುದು, ಜಮಾಬಂದಿ ಎಂದರೆ ಏನು, ಯಾವ ಅನುದಾನವನ್ನು ಯಾವುದಕ್ಕೆ ಖರ್ಚು ಮಾಡಬಹುದು, ಎಲ್ಲವನ್ನೂ ಕೂತು ಕಲಿಯಬೇಕು. ಅವರು ಈ ಕುರ್ಚಿಗೆ ಬಂದದ್ದು 2023ರ ಆಗಸ್ಟಿನಲ್ಲಿ, ಈ ಮಂಡಳಿಯ ಎರಡನೇ ಅವಧಿಗೆ. ಅಧ್ಯಕ್ಷರಿಗೆ 30 ತಿಂಗಳು ಮಾತ್ರ. ಆಮೇಲೆ ಮೀಸಲಾತಿಯ ಪಟ್ಟಿ ತಿರುಗಿ ಬೇರೆಯವರು. ರಮೇಶ್ ಕುಮಾರ್ ಸಮಿತಿಯ ವರದಿಯ ಬಳಿಕ 2015ರಲ್ಲಿ ಪಂಚಾಯತ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಆದಾಗ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿತು, ವಾರ್ಡುಸಭೆ-ಗ್ರಾಮಸಭೆಗಳಿಗೆ ಬಲ ಬಂತು, ಅಧ್ಯಕ್ಷರ ಅವಧಿ ಪೂರ್ತಿ ಐದು ವರ್ಷವಾಯಿತು. 2020ರಲ್ಲಿ ಮತ್ತೊಂದು ತಿದ್ದುಪಡಿ ಬಂದು ಅದನ್ನು ಪುನಃ 30 ತಿಂಗಳಿಗೆ ಇಳಿಸಿತು. ಹೆಚ್ಚು ಜನಕ್ಕೆ ಅವಕಾಶ ಸಿಗಲಿ ಎಂಬ ಮಾತಿನಲ್ಲಿ ನ್ಯಾಯ ಇದೆ, ಅಲ್ಲಗಳೆಯಲಾರೆ. ಆದರೂ ಕಲಿತು ಮುಗಿಯುವ ಹೊತ್ತಿಗೆ ಕುರ್ಚಿ ಬಿಡಿಸುವ ಏರ್ಪಾಡಿನಿಂದ ನಾಯಕರು ಬೆಳೆಯುವುದಿಲ್ಲ. ಊರಿನ ನೆನಪು ಕೊನೆಗೆ ಬಿಲ್ ಕಲೆಕ್ಟರಿನ ತಲೆಯಲ್ಲಿ ಮತ್ತು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ.

ಸಭೆ ಶುರುವಾಯಿತು. ನಾಡಗೀತೆ, ಸ್ವಾಗತ, ಹಿಂದಿನ ಸಭೆಯ ವರದಿ. ವರದಿ ಓದಿ ಮುಗಿಯುವ ಮೊದಲೇ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಲುಂಗಿ ಮಡಚಿ ಕಟ್ಟಿದ್ದಾರೆ, ಹೆಗಲಿನ ಬೈರಾಸಿನಲ್ಲಿ ಮೈಲುತುತ್ತಿನ ಕಲೆ. "ಇಲಾಖೆಯವರು ಎಲ್ಲಿ? ಹೋದ ಸಲವೂ ಬರಲಿಲ್ಲ. ಅವರಿಲ್ಲದೆ ನಾವು ಯಾರ ಹತ್ತಿರ ಕೇಳುವುದು ಮಾರಾಯ್ರೇ?" ಆನೆ ಬಾಳೆ ತೋಟ ಮುಗಿಸಿದ ಸಂಗತಿ, ಪರಿಹಾರದ ಅರ್ಜಿ ಎಲ್ಲಿದೆ ಎಂಬ ಸಂಗತಿ, ವಿದ್ಯುತ್ ತಂತಿಯ ಮೇಲೆ ವಾಲಿದ ಮರದ ಸಂಗತಿ, ಒಂದೊಂದಕ್ಕೂ ಒಂದೊಂದು ಇಲಾಖೆ. ಪ್ರತಿನಿಧಿಯಾಗಿ ಬಂದ ಕಿರಿಯ ಸಿಬ್ಬಂದಿ ಎದ್ದು, ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಆಗ ಹಿಂದಿನಿಂದ ಗದ್ದಲ: ಸಭೆ ಮುಂದೂಡಿ. ನೋಡಲ್ ಅಧಿಕಾರಿ ಮೈಕು ಕೈಗೆತ್ತಿಕೊಂಡು ಸಮಾಧಾನ ಹೇಳುತ್ತಿದ್ದಾರೆ. ತಾಲೂಕಿನ ಪತ್ರಿಕೆಗಳನ್ನು ಓದುವವರಿಗೆ ಈ ದೃಶ್ಯ ಹೊಸದಲ್ಲ. ಗ್ರಾಮಸಭೆಯ ಸುದ್ದಿಗಳಲ್ಲಿ ಅರ್ಧದಷ್ಟು ಹೀಗೇ ಇರುತ್ತವೆ. ಪಂಚಾಯತ್ ಸಭೆ ಕರೆಯಬಹುದು, ಪತ್ರ ಬರೆಯಬಹುದು. ಅರಣ್ಯದವರನ್ನಾಗಲಿ ಕಂದಾಯದವರನ್ನಾಗಲಿ ಲೋಕೋಪಯೋಗಿಯವರನ್ನಾಗಲಿ ಬಾ ಎಂದರೆ ಬರುವಂತೆ ಮಾಡುವ ಹಕ್ಕು ಅದರ ಕೈಯಲ್ಲಿ ಬಲವಾಗಿ ಇಲ್ಲ. ಎದುರು ಕೂತು ಬೈಸಿಕೊಳ್ಳುವ ಸರದಿ ಮಾತ್ರ ಅಧ್ಯಕ್ಷೆಯದ್ದು.

ಗದ್ದಲ ತಗ್ಗಿತು. ಚಹಾ ಬಂತು, ಜೊತೆಗೆ ಗೋಳಿಬಜೆ. ಎಣ್ಣೆಯ ಬಿಸಿ ವಾಸನೆಗೆ ಮಕ್ಕಳು ಒಳಗೆ ಓಡಿಬಂದರು. ಚಹಾ ಕುಡಿಯುತ್ತಲೇ ಮೂರನೇ ಸಾಲಿನ ಅಜ್ಜಿಯೊಬ್ಬರು ಎದ್ದು, ಮೈಕು ಬೇಡವೆಂದು ಕೈಯಲ್ಲೇ ಸರಿಸಿ, ತುಳುವಿನಲ್ಲಿ ಕೇಳಿದರು: "ಎಂಕ್ಲೆನ ಸಂಕ ಏಪ ಆಪುಂಡು?" ನಮ್ಮ ಕಾಲುಸಂಕ ಯಾವಾಗ ಆಗುತ್ತದೆ ಎಂದು. ಸಭೆಯಲ್ಲಿ ಸಿಟ್ಟು, ಅಳು, ಬೇಡಿಕೆ ಎಲ್ಲವೂ ತುಳುವಿನಲ್ಲೇ. ಕಾರ್ಯದರ್ಶಿಯ ಪೆನ್ನು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತಿದೆ: ಕಾಲುಸಂಕ ನಿರ್ಮಾಣದ ಬಗ್ಗೆ ಗ್ರಾಮಸ್ಥರು ಪ್ರಸ್ತಾಪಿಸಿದರು, ಅನುದಾನದ ಲಭ್ಯತೆ ನೋಡಿ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು. ಬಿಲ್ ಕಲೆಕ್ಟರ್ ಪುಟ ಹಿಂದಕ್ಕೆ ತಿರುಗಿಸಿ ತೋರಿಸಿದರು. ಹೋದ ವರ್ಷವೂ ಅದೇ ಸಾಲು, ಅದರ ಹಿಂದಿನ ವರ್ಷವೂ.

ಆ ಸಂಕದ ಕಥೆ ಶುರುವಾಗುವುದು 2019ರ ಆಗಸ್ಟಿನಲ್ಲಿ. ಘಟ್ಟ ಜಾರಿದ ಆ ದಿನಗಳಲ್ಲಿ ಚಾರ್ಮಾಡಿ, ಮುಂಡಾಜೆ, ಮಲವಂತಿಗೆಯ ಕಡೆಯ ಹೊಳೆಗಳು ಬುಡಸಹಿತ ಮರಗಳನ್ನು ಹೊತ್ತು ತಂದವು. ದಿಮ್ಮಿಗಳು ಕಿಂಡಿ ಅಣೆಕಟ್ಟುಗಳಿಗೆ ಸಿಕ್ಕಿಹಾಕಿಕೊಂಡು, ನೀರು ದಾರಿ ಬದಲಿಸಿ ತೋಟಗಳ ಮೇಲೆ ಹರಿಯಿತು. ಇಳಿದ ಮೇಲೆ ಅಡಿಕೆ ಮರಗಳ ಸೊಂಟದವರೆಗೆ ಮರಳು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಆಗ ಮೊದಲು ಓಡಿ ಬಂದವರು ಪಂಚಾಯತಿನವರು ಮತ್ತು ಊರಿನ ಹುಡುಗರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಬಸುರಿ, ಯಾವ ತಿರುವಿನಿಂದ ದೋಣಿ ಇಳಿಸಬಹುದು ಎಂಬುದು ಅವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಡಿಕೆ ಮರ ಕಡಿದು ಹೊಳೆಗೆ ಅಡ್ಡ ಹಾಕಿ, ಬಳ್ಳಿ ಬಿಗಿದು ಸಂಕ ಕಟ್ಟಿದರು. ಆರು ವರ್ಷ ಆಯಿತು. ಪ್ರತಿ ಬೇಸಿಗೆಯ ಕೊನೆಗೆ ಹೊಸ ಮರ ಹಾಕುತ್ತಾರೆ, ಮಕ್ಕಳು ಚೀಲ ತಲೆಗೇರಿಸಿಕೊಂಡು ದಾಟುತ್ತಾರೆ, ತಾಯಂದಿರು ದಡದಲ್ಲಿ ನಿಂತಿರುತ್ತಾರೆ.

ಯಾಕೆ ಆಗಲಿಲ್ಲ? ಕೇಳಿ, ಇದು ಗಂಟು ಗಂಟಾದ ಲೆಕ್ಕ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ 40ನ್ನು ಊರಿನ ಬೇರೆಲ್ಲ ಬೇಡಿಕೆಗಳು ಹಂಚಿಕೊಳ್ಳಬೇಕು. ಉದ್ಯೋಗ ಖಾತರಿಯಲ್ಲಿ ಕಟ್ಟೋಣವೆಂದರೆ ಸಾಮಗ್ರಿಯ ಪಾಲು ನೂರಕ್ಕೆ 40 ಮೀರುವಂತಿಲ್ಲ, ಸಂಕಕ್ಕೆ ಬೇಕಾದದ್ದು ಸಿಮೆಂಟು, ಕಬ್ಬಿಣ. ಪಂಚಾಯತಿನ ಸ್ವಂತ ತೆರಿಗೆಯ ದುಡ್ಡು ಸಿಬ್ಬಂದಿಯ ಸಂಬಳಕ್ಕೆ, ಬೀದಿದೀಪಕ್ಕೆ, ಪಂಪಿನ ರಿಪೇರಿಗೆ ಸರಿಹೋಗುತ್ತದೆ. ಹಾಗಾಗಿ ಇಂಥ ಕೆಲಸ ತಾಲೂಕು ಪಂಚಾಯತಿಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಗೆ ಹೋಗಬೇಕು. ಮೊದಲಾದರೆ ಆ ಕಡತದ ಹಿಂದೆ ಬೀಳಲು ಒಬ್ಬ ಜಿಲ್ಲಾ ಪಂಚಾಯತ್ ಸದಸ್ಯ ಇರುತ್ತಿದ್ದರು. ಮದುವೆಮನೆಯಲ್ಲಿ, ನೇಮದ ಗದ್ದೆಯಲ್ಲಿ ಹಿಡಿದು ಕೇಳಬಹುದಿತ್ತು. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ಆದದ್ದು 2016ರ ಫೆಬ್ರವರಿಯಲ್ಲಿ. ಆಗ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು, ಮೀಸಲಾತಿಯ ಪಟ್ಟಿ ಎಳೆದಾಡಿತು, ವಿಷಯ ಹೈಕೋರ್ಟಿಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತಿನ 36 ಕುರ್ಚಿಗಳು ನಾಲ್ಕು ವರ್ಷಗಳಿಂದ ಖಾಲಿ. ಅಲ್ಲಿ ಆಡಳಿತಾಧಿಕಾರಿ ಇದ್ದಾರೆ. ಒಳ್ಳೆಯ ಅಧಿಕಾರಿ ಇರಬಹುದು. ಆದರೆ ಅಜ್ಜಿಗೆ ಅವರು ಮದುವೆಮನೆಯಲ್ಲಿ ಸಿಗುವುದಿಲ್ಲ.

ನಮ್ಮ ಪಕ್ಕ ಕುಳಿತ ಹಿರಿಯರೊಬ್ಬರು ಇದನ್ನೆಲ್ಲ ತಲೆದೂಗುತ್ತ ಕೇಳಿದರು. ಬಾಯಲ್ಲಿ ಎಲೆಯಡಿಕೆ, ಬಿಳಿ ಅಂಗಿಯ ಕಿಸೆಯಲ್ಲಿ ಮಡಚಿದ ಪೇಪರು. ಅವರು ಮಂಡಲ ಪಂಚಾಯತ್ ಕಾಲದ ಸದಸ್ಯರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ. 1987ರ ಜನವರಿಯಲ್ಲಿ ಚುನಾವಣೆ. ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ದೇಶದ ಕಾನೂನಿಗಿಂತ ಮೊದಲೇ ಇಲ್ಲಿ ಕೊಟ್ಟದ್ದು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು, ನೀರ್ ಸಾಬ್ ಎಂಬ ಹೆಸರು ಮಾತ್ರ ಕೊಳವೆಬಾವಿಗಳ ಜೊತೆ ಹಳ್ಳಿಗಳಲ್ಲಿ ಉಳಿಯಿತು. "ಆಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರು ಹೇಳಿದರೆ ಇಂಜಿನಿಯರು ಮರುದಿನ ಇಲ್ಲಿ" ಎಂದು ಹಿರಿಯರು ಎರಡು ಬೆರಳಿನ ಸಂದಿಯಿಂದ ಅಂಗಳದ ಕಡೆ ತೋರಿಸಿದರು. ಆ ಪರಿಷತ್ತುಗಳೂ 1992ರಲ್ಲಿ ಮುಗಿದವು, ಮತ್ತೆ ಜಿಲ್ಲಾ ಪಂಚಾಯತ್ ಚುನಾವಣೆ ಆದದ್ದು 1995ರಲ್ಲಿ. ಮೇಲಿನ ಮನೆ ಖಾಲಿ ಬೀಳುವುದನ್ನು ಅವರು ಒಮ್ಮೆ ನೋಡಿದ್ದಾರೆ. ಈ ಸಲದ್ದು ಅದಕ್ಕಿಂತ ಉದ್ದ ಎನ್ನುವಾಗ ಅವರ ದನಿಯಲ್ಲಿ ಬೇಸರ ಇತ್ತು.

ಚಹಾದ ಲೋಟಗಳನ್ನು ಎತ್ತಿಕೊಂಡು ಹೋಗಲು ಬಂದ ಹಸಿರು ಗಾಡಿಯ ಚಾಲಕಿ, ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದವಳು. ಸೀರೆಯ ಮೇಲೆ ಖಾಕಿ ಅಂಗಿ. ಸೈಕಲ್ಲೂ ತುಳಿಯದಿದ್ದವಳು ತರಬೇತಿ ಪಡೆದು, ಲೈಸೆನ್ಸ್ ತೆಗೆದು, ಈಗ ಈ ಏರು ತಗ್ಗುಗಳಲ್ಲಿ ಮನೆ ಮನೆಯ ಒಣಕಸ ಸಂಗ್ರಹಿಸುತ್ತಾಳೆ. "ಮೊದಲು ಕೊಡ್ತಾ ಇರ್ಲಿಲ್ಲ, ತೋಟದಲ್ಲೇ ಸುಡ್ತಿದ್ರು. ಈಗ ಹಾರ್ನ್ ಹಾಕಿದ್ರೆ ಗೇಟಿಗೆ ತಂದು ಇಡ್ತಾರೆ ಅಕ್ಕ" ಎಂದು ಅಧ್ಯಕ್ಷೆಗೆ ಹೇಳಿದಳು. ಪಂಚಾಯತಿಗೆ ಕೆಲಸ, ದುಡ್ಡು, ಮಾಡುವ ಜನ ಮೂರೂ ಒಟ್ಟಿಗೆ ಸಿಕ್ಕಿದ ಕಡೆ ಎಷ್ಟು ಬೇಗ ದಾರಿ ಹಿಡಿಯುತ್ತದೆ ಎಂಬುದಕ್ಕೆ ಆ ಗಾಡಿಯೊಂದೇ ಸಾಕು.

ಹಾಗೆ ಸಿಗದ ಕಡೆ ಏನಾಗುತ್ತದೆ ನೋಡಲು ಘಟ್ಟದ ಇನ್ನೂ ಒಳಗೆ ಹೋಗಬೇಕು. ಉದ್ಯೋಗ ಖಾತರಿಯ ಕೂಲಿ ಈ ವರ್ಷ ದಿನಕ್ಕೆ 370 ರೂಪಾಯಿ. 2023ರ ಜನವರಿಯಿಂದ ಕೆಲಸದ ಸ್ಥಳದಲ್ಲೇ ದಿನಕ್ಕೆ ಎರಡು ಸಲ ಫೋಟೊ ತೆಗೆದು ಮೊಬೈಲಿನಲ್ಲಿ ಹಾಜರಿ ಹಾಕಬೇಕು. ಮೋಸ ತಡೆಯಲು ಬಂದ ಸುಧಾರಣೆ, ಉದ್ದೇಶ ಒಳ್ಳೆಯದೇ. ಆದರೆ ಕಣಿವೆಯಲ್ಲಿ ಇಂಗುಗುಂಡಿ ತೋಡುವವರಿಗೆ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಮಲವಂತಿಗೆ ಗ್ರಾಮದ ಎಳನೀರಿನವರು ದಿಡುಪೆಗೆ ಇಳಿಯುವ ಕಾಡುದಾರಿ ಮಳೆಗಾಲದಲ್ಲಿ ಕೆಟ್ಟರೆ ಕುದುರೆಮುಖ, ಬಜಗೋಳಿಯ ಮೇಲಿಂದ ನೂರರ ಹತ್ತಿರ ಕಿಲೋಮೀಟರ್ ಸುತ್ತಿ ತಮ್ಮದೇ ತಾಲೂಕು ಕೇಂದ್ರಕ್ಕೆ ಬರಬೇಕು. ನಾರಾವಿಯ ಪಕ್ಕದ ಕುತ್ಲೂರು 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಪರ್ಧೆಯಲ್ಲಿ ಸಾಹಸ ವಿಭಾಗದ ಅತ್ಯುತ್ತಮ ಪ್ರವಾಸಿ ಗ್ರಾಮವಾಯಿತು; ಆ ಕಾಡಂಚಿನ ಮಲೆಕುಡಿಯರ ಮನೆಗಳಿಗೆ ರಸ್ತೆಯೆಂಬುದು ರಾಷ್ಟ್ರೀಯ ಉದ್ಯಾನದ ನಿಯಮಗಳ ಮುಂದೆ ಕೈಮುಗಿದು ನಿಲ್ಲುವ ಸಂಗತಿ. ಇಂಥ ಜಾಗದ ಪಂಚಾಯತ್ ಸದಸ್ಯನಿಗೆ ಮತ ಹಾಕಿದವರು ಸುಮಾರು 400 ಜನಸಂಖ್ಯೆಯ ಒಂದು ಮೂಲೆಯವರು. ಅವನು ಎದುರಿಸಬೇಕಾದ ಕಾನೂನು ದಿಲ್ಲಿಯದ್ದು.

ಮಧ್ಯಾಹ್ನ ದಾಟಿತು. ಮೋಡ ಮತ್ತೆ ಕಟ್ಟುತ್ತಿದೆ, ಬೀಡಿಯ ಚೀಲಗಳು ಎದ್ದು ನಿಂತಿವೆ. ಕಾಲುಸಂಕದ ನಿರ್ಣಯಕ್ಕೆ ಈ ಸಲ ಅಧ್ಯಕ್ಷೆ ಒಂದು ಸಾಲು ಸೇರಿಸಿದರು: ಅಂದಾಜುಪಟ್ಟಿ, ಫೋಟೊ, ದಾಟುವ ಮಕ್ಕಳ ಪಟ್ಟಿ ಹಿಡಿದು ಗ್ರಾಮಸ್ಥರ ನಿಯೋಗ ಸೋಮವಾರ ಬೆಳ್ತಂಗಡಿಗೆ, ಅಲ್ಲಿಂದ ಮಂಗಳೂರಿಗೆ ಹೋಗುವುದು. ಹೋಗುವವರ ಹೆಸರನ್ನು ಪುಸ್ತಕದಲ್ಲೇ ಬರೆಸಿದರು. ಅಜ್ಜಿಯ ಮೊಮ್ಮಗಳ ಹೆಸರು ಮೊದಲು. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಈ ಮಂಡಳಿಗೆ ಇದು ಕೊನೆಯ ಮಳೆಗಾಲ. ಮುಂದಿನ ಗ್ರಾಮಸಭೆಯ ಹೊತ್ತಿಗೆ ಇಲ್ಲಿ ಯಾರಿರುತ್ತಾರೋ. ಅದನ್ನೇ ಯಾರೋ ಕೇಳಿದರು.

"ನಾನು ಈ ಕುರ್ಚಿಯಲ್ಲಿ ಇರ್ಲಿಕ್ಕಿಲ್ಲ" ಎಂದರು ಅಧ್ಯಕ್ಷೆ, ಕನ್ನಡಕ ಮಡಚುತ್ತ. "ಆ ಕಡೆ ಬೆಂಚಿನಲ್ಲಿ ಇರ್ತೇನೆ. ಸಂಕ ಎಂತಾಯ್ತು ಅಂತ ಮೊದಲು ಎದ್ದು ಕೇಳುವವಳು ನಾನೇ. ಸೋಮವಾರ ಎಂಟೂವರೆ ಬಸ್ಸು, ತಪ್ಪಿಸ್ಬೇಡಿ."